ಒರಳಲ್ಲಿ ಗುಂಡು ಕುಟ್ಟಿದ ಹಾಗೆ: ಶಿವಮೊಗ್ಗ ಆಟೋ ಕಾಂಪ್ಲೆಕ್ಸ್‌ನ ಒಂದು ಗ್ಯಾರೇಜಿನ ಬಗ್ಗೆ

ಶಬ್ದ ಮೊದಲು ಕೇಳಿದ್ದು ನಮ್ಮ ಅತ್ತೆಗೆ. ನನಗೆ ಕೇಳಿಸುವ ಹಾಗೇ ಇರಲಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ, ಮುರುಗಲು ಸಿರಪ್ಪು, ಹಲಸಿನ ಹಪ್ಪಳ ಮಾಡಿ ಪ್ರತಿ ಗುರುವಾರ ಶಿವಮೊಗ್ಗದ ಏಳು ಅಂಗಡಿಗಳಿಗೆ ಕೊಟ್ಟು ಬರುವವಳು ನಾನು. ಹಿಂದಿನ ಸೀಟು ಮಡಚಿ ಕ್ರೇಟ್ ಜೋಡಿಸಿದರೆ ದಾರಿಯುದ್ದಕ್ಕೂ ಗಾಜಿನ ಬಾಟಲಿಗಳದ್ದೇ ಕಿಣಿಕಿಣಿ. ಬರುವಾಗ ಖಾಲಿ ಬಾಟಲಿ ತುಂಬಿಕೊಂಡು ಬರುತ್ತೇನೆ, ಆಗಲೂ ಅದೇ.

ಮಾರ್ಚ್ ಕೊನೆಯಲ್ಲಿ ಅತ್ತೆಯ ಕಣ್ಣು ತೋರಿಸಲು ಶಿವಮೊಗ್ಗಕ್ಕೆ ಹೋಗಿದ್ದೆವು. ಆ ದಿನ ಗಾಡಿಯಲ್ಲಿ ಒಂದು ಬಾಟಲಿಯೂ ಇರಲಿಲ್ಲ. ಆಯನೂರು ದಾಟಿ ರಿಪ್ಪನ್‌ಪೇಟೆ ಕಡೆ ಬರುವಾಗ ತಾಳಗುಪ್ಪ ಲೈನಿನ ರೈಲ್ವೆ ಗೇಟ್ ಸಿಗುತ್ತದೆ. ಹಳಿಯ ಮೇಲೆ ನಿಧಾನಕ್ಕೆ ಹತ್ತಿ ಇಳಿದಾಗ ಮುಂದಿನ ಎಡಗಡೆಯಿಂದ ಟಕ್, ಟಕ್ ಅಂದಿತು. ಅತ್ತೆ ಕಾಲ ಹತ್ತಿರ ಬಗ್ಗಿ ನೋಡಿ, "ಅದೆಂತದೇ ಅದು? ಸವೆದ ಒರಳಲ್ಲಿ ಗುಂಡು ಕುಟ್ಟಿದಂಗೆ ಕೇಳ್ತದಲ್ಲ?" ಅಂದರು. ಅವರು ಹೇಳಿದ್ದು ಎಷ್ಟು ಸರಿಯಾಗಿತ್ತು ಅನ್ನುವುದು ಗೊತ್ತಾಗಲು ನನಗೆ ಇನ್ನೂ ಆರು ವಾರ ಮತ್ತು ಸುಮಾರು ದುಡ್ಡು ಬೇಕಾಯಿತು.

ನನ್ನ ಗಾಡಿ 2013ರ ವ್ಯಾಗನ್‌ಆರ್. 92 ಸಾವಿರ ಕಿಲೋಮೀಟರ್ ಓಡಿದೆ. ರಿಪ್ಪನ್‌ಪೇಟೆಯಿಂದ ನಮ್ಮ ಮನೆಗೆ 6 ಕಿ.ಮೀ., ಅದರಲ್ಲಿ ಕೊನೆಯ ಎರಡು ಜಂಬಿಟ್ಟಿಗೆ ಮಣ್ಣಿನ ರಸ್ತೆ. ಮಳೆಗಾಲದಲ್ಲಿ ಅದರ ಹೊಂಡಗಳಲ್ಲಿ ಕೆಂಪು ನೀರು ನಿಂತು ಆಳವೇ ಗೊತ್ತಾಗುವುದಿಲ್ಲ. ಉಳಿದದ್ದು ಟಾರು. ಆದರೆ ಎದುರಿಗೆ ಬಸ್ಸೋ ಮರಳು ಲಾರಿಯೋ ಬಂದರೆ ಎಡಗಡೆಯ ಚಕ್ರವನ್ನು ಟಾರಿನ ಅಂಚಿನಿಂದ ಕೆಳಗೆ ಇಳಿಸಲೇಬೇಕು. ಅರ್ಧ ಅಡಿ ಧಡಕ್ಕನೆ ಬೀಳುತ್ತದೆ, ಮತ್ತೆ ಹತ್ತುತ್ತದೆ. ನಮ್ಮ ಕಡೆ ಗಾಡಿಗಳಿಗೆಲ್ಲ ಎಡಗಡೆಯ ಸಾಮಾನೇ ಮೊದಲು ಹೋಗುವುದು ಇದಕ್ಕೇ ಇರಬೇಕು.

ಮೊದಲು ತೋರಿಸಿದ್ದು ಬೇರೊಂದು ಕಡೆ. ಹೆಸರು ಬೇಡ. ಅವರು ಗಾಡಿಯನ್ನು ಒಂದು ಸುತ್ತು ಓಡಿಸಿಕೊಂಡು ಬಂದು "ಶಾಕ್ಸ್ ಹೋಗಿದೆ ಮೇಡಂ" ಅಂದರು. ಜಾಕ್ ಹಾಕಲಿಲ್ಲ, ಚಕ್ರ ಮುಟ್ಟಲಿಲ್ಲ. ಎರಡೂ ಕಡೆಯ ಮುಂದಿನ ಶಾಕ್ ಅಬ್ಸಾರ್ಬರ್, ಮೇಲಿನ ಮೌಂಟ್ ಎಲ್ಲ ಬದಲಾಯಿಸಿ 8,600 ರೂಪಾಯಿ ತೆಗೆದುಕೊಂಡರು. ಗಾಡಿ ಮೆತ್ತಗಾಯಿತು, ಶಬ್ದ ಇದ್ದ ಹಾಗೇ ಇತ್ತು. ವಾಪಸ್ ಹೋಗಿ ಕೇಳಿದರೆ "ಹೊಸ ಸಾಮಾನು, ಸ್ವಲ್ಪ ದಿನ ಸೆಟ್ ಆಗಬೇಕು" ಅಂದರು. ಅಲೈನ್‌ಮೆಂಟನ್ನೂ, ಅಂದರೆ ಚಕ್ರಗಳ ನೇರ ಸರಿ ಮಾಡುವುದನ್ನೂ, ಮಾಡಿಸಿರಲಿಲ್ಲ. ಶಾಕ್ ಬಿಚ್ಚಿ ಹಾಕಿದ ಮೇಲೆ ಮಾಡಿಸಲೇಬೇಕು ಅನ್ನುವುದು ನನಗೆ ಆಗ ಗೊತ್ತಿರಲಿಲ್ಲ. ಏಪ್ರಿಲ್ ಪೂರ್ತಿ ಹಾಗೇ ಓಡಿಸಿದೆ. ಒಂದು ಮದುವೆಗೆ ಐದು ಜನರನ್ನು ಕೂರಿಸಿಕೊಂಡು ಹುಲಿಕಲ್ ಘಾಟಿ ಇಳಿದು ಕುಂದಾಪುರಕ್ಕೂ ಹೋಗಿ ಬಂದೆ. ಈಗ ಅದನ್ನು ನೆನೆದರೆ ಕೈ ತಣ್ಣಗಾಗುತ್ತದೆ.

ಈ ಗ್ಯಾರೇಜಿನ ಬಗ್ಗೆ ಹೇಳಿದವರು ನನ್ನಿಂದ ಉಪ್ಪಿನಕಾಯಿ ತೆಗೆದುಕೊಳ್ಳುವ ಒಬ್ಬ ಅಂಗಡಿಯವರು. ಅವರ ಹಳೆಯ ಓಮ್ನಿಯನ್ನು ಹದಿನೈದು ವರ್ಷದಿಂದ ನೋಡಿಕೊಳ್ಳುತ್ತಿರುವುದು ಇದೇ ಮೇಸ್ತ್ರಿಯಂತೆ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಒಳಗೆ ಹೋದರೆ ಸಿಗುತ್ತದೆ. ಹೊರಗೆ ದೊಡ್ಡ ಬೋರ್ಡಿಲ್ಲ. ಮುಂದೆ ಒಂದು ಹೊಂಗೆ ಮರ, ಅದರ ಕೆಳಗೆ ಯಾವಾಗಲೂ ಎರಡು ಮೂರು ಗಾಡಿ. ಮೇಸ್ತ್ರಿಗೆ ಐವತ್ತರ ಮೇಲೆ ವಯಸ್ಸು, ಕೈಕೆಳಗೆ ಇಬ್ಬರು ಹುಡುಗರು. ಅವರ ತಂದೆ ಲಾರಿ ಮೆಕ್ಯಾನಿಕ್ ಆಗಿದ್ದರಂತೆ.

ನಾನು ಹೋಗಿ "ಶಾಕ್ಸ್ ಹಾಕಿಸಿದ ಮೇಲೂ ಶಬ್ದ ಹೋಗಿಲ್ಲ" ಅಂದಾಗ ಅವರು ಗಾಡಿಯ ಕಡೆ ನೋಡಲೇ ಇಲ್ಲ. ಕೈ ಒರೆಸಿಕೊಂಡು ಪ್ರಶ್ನೆ ಶುರು ಮಾಡಿದರು. ನಿಧಾನಕ್ಕೆ ಹೋಗುವಾಗಲೋ ಜೋರಾಗಿ ಹೋಗುವಾಗಲೋ? ನೇರಕ್ಕೋ ತಿರುವಿನಲ್ಲೋ? ಬ್ರೇಕ್ ಒತ್ತಿದರೆ ಜಾಸ್ತಿಯಾಗುತ್ತದಾ ಕಡಿಮೆಯಾಗುತ್ತದಾ? ಸ್ಟೇರಿಂಗ್ ಬಿಗಿಯೋ ಸಡಿಲವೋ? ಡಾಕ್ಟರ ಮುಂದೆ ಕೂತ ಹಾಗಾಯಿತು ನನಗೆ. ನನ್ನ ಉತ್ತರ: ನಿಧಾನಕ್ಕೆ ಹಂಪು, ಹೊಂಡ ದಾಟುವಾಗ, ಎಡಗಡೆ. ಜೊತೆಗೆ ನೇರ ರಸ್ತೆಯಲ್ಲಿ ಗಾಡಿ ತಾನಾಗಿ ಅತ್ತಿತ್ತ ಹೋಗುತ್ತದೆ, ಸ್ಟೇರಿಂಗ್ ಹಿಡಿದು ತಿದ್ದುತ್ತಲೇ ಇರಬೇಕು. ಈ ಎರಡನೆಯದನ್ನು ನಾನು ಹಿಂದಿನ ಕಡೆ ಹೇಳಿರಲೇ ಇಲ್ಲ. ಅವರು ಕೇಳಿರಲೂ ಇಲ್ಲ.

ಆಮೇಲೆ ನನಗೇ ಓಡಿಸಲು ಹೇಳಿ ಅವರು ಎಡಗಡೆ ಕೂತರು. ಒಳರಸ್ತೆಯ ಹೊಂಡಗಳ ಮೇಲೆ ಎರಡು ಸಲ ಹೋದೆವು. ಎರಡನೆಯ ಸಲ ಬ್ರೇಕಿನ ಮೇಲೆ ಕಾಲು ಸ್ವಲ್ಪವೇ ಇಟ್ಟುಕೊಳ್ಳಿ ಅಂದರು. ಶಬ್ದ ಬಂತು. ಬ್ರೇಕ್ ಪ್ಯಾಡ್ ಅಲುಗುತ್ತಿದ್ದರೆ ಕಾಲು ಇಟ್ಟ ತಕ್ಷಣ ನಿಲ್ಲುತ್ತಿತ್ತಂತೆ. ಆಮೇಲೆ ಸ್ಟೇರಿಂಗ್ ಪೂರ್ತಿ ತಿರುಗಿಸಿ ಬಲಕ್ಕೊಂದು, ಎಡಕ್ಕೊಂದು ಸುತ್ತು. ಟಕಟಕ ಬರಲಿಲ್ಲ, ಹಾಗಾಗಿ ಆಕ್ಸಲ್ ಜಾಯಿಂಟ್ ಅಲ್ಲ. ಗಾಡಿ ನಿಲ್ಲಿಸಿ ಬಾನೆಟ್ ಎತ್ತಿ ಶಾಕಿನ ತಲೆಯ ಮೇಲೆ ಅಂಗೈ ಇಟ್ಟು, ಸ್ಟೇರಿಂಗ್ ತಿರುಗಿಸಿ ಅಂದರು. ಅಲ್ಲೂ ಏನಿಲ್ಲ. "ಹೊಸ ಮೌಂಟ್ ಚೆನ್ನಾಗೇ ಕೂತಿದೆ ಅಕ್ಕಾ. ಹಳೇದೂ ಚೆನ್ನಾಗೇ ಇತ್ತೇನೋ" ಅಂದರು ಅಷ್ಟೆ. ಹಿಂದಿನವರ ಬಗ್ಗೆ ಅದಕ್ಕಿಂತ ಒಂದು ಮಾತು ಹೆಚ್ಚು ಆಡಲಿಲ್ಲ.

ನಾನು ಈ ಗ್ಯಾರೇಜಿನ ಬಗ್ಗೆ ಬರೆಯಲು ಕೂತದ್ದು ಇದಾದ ಮೇಲಿನ ಹದಿನೈದು ನಿಮಿಷಕ್ಕಾಗಿ.

ಎಡಗಡೆ ಜಾಕ್ ಹಾಕಿ ಚಕ್ರ ನೆಲ ಬಿಡುವ ಹಾಗೆ ಎತ್ತಿ, ಬಾಡಿಯ ಕೆಳಗೆ ಸ್ಟ್ಯಾಂಡ್ ಕೊಟ್ಟರು. ಚಕ್ರದ ಎಡ ಬಲ ಅಂಚು ಹಿಡಿದು, ಅಂದರೆ ಗಡಿಯಾರದಲ್ಲಿ 9 ಮತ್ತು 3 ಇರುವ ಜಾಗದಲ್ಲಿ, ಅಲ್ಲಾಡಿಸಿದರು. ಗಟ್ಟಿ ಇತ್ತು. ಸ್ಟೇರಿಂಗಿನಿಂದ ಚಕ್ರಕ್ಕೆ ಬರುವ ಟೈ ರಾಡಿನ ತುದಿ ಸವೆದಿದ್ದರೆ ಅಲ್ಲಿ ಅಲುಗುತ್ತದೆ. ಆಮೇಲೆ ಮೇಲೆ ಕೆಳಗೆ, 12 ಮತ್ತು 6ರ ಜಾಗದಲ್ಲಿ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿದರು. ಕುಟುಕ್ ಅಂತ ಸಣ್ಣ ಸದ್ದು. "ಕೈ ಇಡಿ ಅಕ್ಕಾ" ಅಂದರು. ಇಟ್ಟೆ. ನನ್ನ ಕೈಗೂ ಸಿಕ್ಕಿತು.

"ಇದು ಬೇರಿಂಗೂ ಇರಬಹುದು" ಅಂತ ಹೇಳಿ ಹುಡುಗನನ್ನು ಒಳಗೆ ಕೂರಿಸಿ ಬ್ರೇಕ್ ಗಟ್ಟಿಯಾಗಿ ಒತ್ತಿಸಿದರು. ಬ್ರೇಕ್ ಹಿಡಿದರೆ ಚಕ್ರ ಮತ್ತು ಅದನ್ನು ಹಿಡಿದಿರುವ ನಕ್ಕಲ್ ಎರಡೂ ಒಂದೇ ತುಂಡಿನಂತಾಗುತ್ತವೆ, ಬೇರಿಂಗಿನ ಸಡಿಲ ಮುಚ್ಚಿಹೋಗುತ್ತದೆ. ಮತ್ತೆ ಅಲ್ಲಾಡಿಸಿದರು. ಕುಟುಕ್ ಹಾಗೇ ಇತ್ತು. ಅಂದರೆ ಸಡಿಲ ಇರುವುದು ಬೇರಿಂಗಿನಲ್ಲಲ್ಲ, ಅದರ ಆಚೆ.

ಕೊನೆಗೆ ಉದ್ದದ ಟಾಮಿ, ಅಂದರೆ ಮೀಟುವ ಕಬ್ಬಿಣದ ಸಲಾಕೆ, ತಂದು, ಚಕ್ರದ ಕೆಳಭಾಗವನ್ನು ಬಾಡಿಗೆ ಸೇರಿಸುವ ಲೋವರ್ ಆರ್ಮ್ ಮತ್ತು ನಕ್ಕಲ್ ನಡುವೆ ಕೊಟ್ಟು ಮೆಲ್ಲಗೆ ಮೀಟಿದರು. ನನ್ನ ಕೈಗೆ ಒಂದು ಹಳೇ ಬಟ್ಟೆ ಕೊಟ್ಟು, ಜಾಯಿಂಟಿನ ಮೇಲೆ ಬೆರಳು ಇಟ್ಟು ನೋಡಿ ಅಂದರು. ಮೀಟಿದಾಗ ಮೇಲೆ, ಬಿಟ್ಟಾಗ ಕೆಳಗೆ. ಎರಡು ಮಿಲಿಮೀಟರ್ ಇದ್ದೀತು. ಅದಕ್ಕಿಂತ ಹೆಚ್ಚಿಲ್ಲ. ಆದರೆ ಬೆರಳಿಗೆ ಅದು ಚೆನ್ನಾಗಿ ಗೊತ್ತಾಯಿತು, ಅಲುಗುವ ಹಲ್ಲು ನಾಲಿಗೆಗೆ ಗೊತ್ತಾಗುವ ಹಾಗೆ. "ಇದೇ ನಿಮ್ಮ ಬಾಲ್ ಜಾಯಿಂಟು. ಪ್ಲೇ ಬಂದಿದೆ" ಅಂದರು.

ಜಾಯಿಂಟನ್ನು ಮುಚ್ಚುವ ರಬ್ಬರಿನ ಬೂಟು ಒಂದು ಕಡೆ ಹರಿದಿತ್ತು. ಒಳಗಿದ್ದ ಗ್ರೀಸ್ ಹೋಗಿ ಅದರ ಜಾಗದಲ್ಲಿ ಕೆಂಪು ಮಣ್ಣು ತುಂಬಿತ್ತು. ಬಾಲ್ ಜಾಯಿಂಟ್ ಅಂದರೆ ಬಟ್ಟಲಿನಂಥ ಗೂಡಿನಲ್ಲಿ ಕೂತ ನುಣುಪಾದ ಉಕ್ಕಿನ ಚೆಂಡು, ಚೆಂಡಿಗೊಂದು ಕಡ್ಡಿ. ಗೂಡು ಲೋವರ್ ಆರ್ಮಿನ ತುದಿಯಲ್ಲಿ, ಕಡ್ಡಿ ನಕ್ಕಲಿನೊಳಗೆ. ಚಕ್ರ ಮೇಲೆ ಕೆಳಗೆ ಆಡುವಾಗಲೂ ಎಡಕ್ಕೆ ಬಲಕ್ಕೆ ತಿರುಗುವಾಗಲೂ ಆ ಚೆಂಡು ಗೂಡಿನೊಳಗೆ ಹೊರಳುತ್ತದೆ. ಈ ಗಾಡಿಯ ಜಾಯಿಂಟಿಗೆ ಮೇಲಿನಿಂದ ಗ್ರೀಸ್ ಹೊಡೆಯಲು ನಿಪ್ಪಲ್ ಇಲ್ಲ, ಕಂಪನಿಯಲ್ಲಿ ತುಂಬಿದ್ದೇ ಕೊನೆಯವರೆಗೆ. ಹಾಗಾಗಿ ಬೂಟು ಹರಿದ ದಿನದಿಂದ ಅದರ ಆಯಸ್ಸು ಕಡಿಮೆಯಾಗುತ್ತ ಬರುತ್ತದೆ. ನೀರು, ಮಣ್ಣು ಸೇರಿ ಚೆಂಡನ್ನೂ ಗೂಡನ್ನೂ ಅರೆಯುತ್ತವೆ. ಅತ್ತೆ ಹೇಳಿದ ಸವೆದ ಒರಳು ನನಗೆ ಅಲ್ಲೇ ನೆನಪಾಯಿತು. ಮೇಸ್ತ್ರಿಗೂ ಹೇಳಿದೆ. ಅವರು ಒಂದು ಗಳಿಗೆ ಟಾಮಿ ಕೆಳಗಿಟ್ಟು, "ನಿಮ್ಮ ಅತ್ತೇನ ಇಲ್ಲಿಗೆ ಕೆಲಸಕ್ಕೆ ಕಳಿಸಿ ಅಕ್ಕಾ" ಅಂದರು.

ಹೀಗೇ ಬಿಟ್ಟರೆ ಏನಾಗುತ್ತಿತ್ತು ಅಂತ ಕೇಳಿದೆ. ಅವರು ಹೆದರಿಸಲಿಲ್ಲ, ಮುಚ್ಚಿಡಲೂ ಇಲ್ಲ. ಗೂಡು ಇನ್ನಷ್ಟು ಅಗಲವಾಗಿ ಚೆಂಡು ಕಳಚಿಕೊಂಡರೆ ಚಕ್ರದ ಕೆಳಭಾಗ ಹೊರಕ್ಕೆ ಹೊರಳುತ್ತದೆ, ಆಕ್ಸಲ್ ಕಿತ್ತು ಬರಬಹುದು, ಗಾಡಿ ಆ ಮೂಲೆಗೆ ಕುಸಿಯುತ್ತದೆ. ಆಮೇಲೆ ಸ್ಟೇರಿಂಗ್ ಯಾವ ಕಡೆ ತಿರುಗಿಸಿದರೂ ಆ ಚಕ್ರ ಕೇಳುವುದಿಲ್ಲ. ನನ್ನದು ಆ ಹಂತಕ್ಕೆ ಬಂದಿರಲಿಲ್ಲ. ಆದರೆ "ಇದರಲ್ಲಿ ಘಾಟಿ ಇಳೀಬೇಡಿ" ಅಂದರು. ಹುಲಿಕಲ್‌ಗೆ ಹೋಗಿ ಬಂದದ್ದನ್ನು ನಾನು ಹೇಳಲಿಲ್ಲ.

ಇನ್ನೊಂದು ವಿಷಯವನ್ನು ಇಲ್ಲಿ ಬರೆದಿಡುತ್ತೇನೆ, ಬೇರೆ ಗಾಡಿಯವರಿಗೆ ಉಪಯೋಗಕ್ಕೆ ಬರಬಹುದು. ಪಕ್ಕದಲ್ಲೇ ಒಂದು ಟಾಟಾ ಸುಮೋ ನಿಂತಿತ್ತು. ಅದರ ಜಾಕ್ ಬಾಡಿಗಲ್ಲ, ಕೆಳಗಿನ ಆರ್ಮಿನ ಅಡಿಗೇ, ಜಾಯಿಂಟಿಗೆ ಒತ್ತಿಕೊಂಡಂತೆ ಹಾಕಿದ್ದರು. ಯಾಕೆ ಅಂತ ಕೇಳಿದೆ. ವ್ಯಾಗನ್‌ಆರ್ ಥರದ ಗಾಡಿಯಲ್ಲಿ ಸ್ಪ್ರಿಂಗ್ ಶಾಕಿಗೆ ಸುತ್ತಿಕೊಂಡಿರುತ್ತದೆ, ಗಾಡಿಯ ಭಾರ ಅದರ ಮೂಲಕವೇ ಇಳಿಯುತ್ತದೆ. ಕೆಳಗಿನ ಬಾಲ್ ಜಾಯಿಂಟ್ ಭಾರ ಹೊರುವುದಿಲ್ಲ, ಚಕ್ರವನ್ನು ಜಾಗದಲ್ಲಿ ಹಿಡಿದಿಡುತ್ತದೆ ಅಷ್ಟೆ. ಹಾಗಾಗಿ ಚಕ್ರ ನೇತಾಡುವ ಹಾಗೆ ಎತ್ತಿದರೆ ಪ್ಲೇ ಸಿಗುತ್ತದೆ. ಸುಮೋದಲ್ಲಿ ಮೇಲೊಂದು ಕೆಳಗೊಂದು ಆರ್ಮ್, ಸ್ಪ್ರಿಂಗಿನ ಒತ್ತಡ ಕೆಳಗಿನದರ ಮೇಲೆ. ಚಾಸಿಗೆ ಜಾಕ್ ಹಾಕಿ ಚಕ್ರ ನೇತಾಡಿಸಿದರೆ ಸ್ಪ್ರಿಂಗ್ ಆರ್ಮನ್ನು ಕೆಳಕ್ಕೆ ಒತ್ತಿ ಹಿಡಿದಿರುತ್ತದೆ. ಆಗ ಎಷ್ಟು ಸವೆದ ಜಾಯಿಂಟೂ ಗಟ್ಟಿಯಾಗಿದ್ದ ಹಾಗೆ ಕಾಣುತ್ತದೆ. "ಜಾಕ್ ಎಲ್ಲಿ ಇಟ್ಟೆ ಅನ್ನೋದರಲ್ಲೇ ಅರ್ಧ ಉತ್ತರ ಇರ್ತದೆ" ಅನ್ನುವುದು ಮೇಸ್ತ್ರಿಯ ಮಾತು.

ಬಲಗಡೆಯನ್ನೂ ಹೀಗೇ ನೋಡಿದರು. ಅಲ್ಲಿ ಪ್ಲೇ ಇರಲಿಲ್ಲ, ಆದರೆ ಬೂಟು ಬಿರಿದು ಗ್ರೀಸ್ ಜಿನುಗುತ್ತಿತ್ತು. "ಇದನ್ನ ಈಗಲೇ ಹಾಕಿಸಲೇಬೇಕು ಅಂತಿಲ್ಲ. ಆದರೆ ಜೂನ್ ಬಂತು ನೋಡಿ" ಅಂದರು. ನಮ್ಮ ಮನೆ ಮುಂದಿನ ಕೆಂಪು ಹೊಂಡಗಳನ್ನು ನೆನೆದು ಎರಡೂ ಹಾಕಿಸಲು ಒಪ್ಪಿದೆ. ತೀರ್ಮಾನ ನನಗೇ ಬಿಟ್ಟರು, ಅದು ನನಗೆ ಹಿಡಿಸಿತು.

ಮಾರುತಿಯವರು ಈ ಗಾಡಿಗೆ ಜಾಯಿಂಟನ್ನು ಬೇರೆಯಾಗಿ ಕೊಡುವುದಿಲ್ಲ, ಲೋವರ್ ಆರ್ಮ್ ಸಮೇತ ಬದಲಾಯಿಸಬೇಕು. ಹೊರಗಡೆ ಜಾಯಿಂಟ್ ಮಾತ್ರ ತಂದು ಪ್ರೆಸ್ಸಿನಲ್ಲಿ ಕೂರಿಸಿಕೊಡುವವರೂ ಇದ್ದಾರೆ, ಖರ್ಚು ಅರ್ಧಕ್ಕಿಂತ ಕಡಿಮೆ. ಮೇಸ್ತ್ರಿ ಎರಡನ್ನೂ ಹೇಳಿ, ಆರ್ಮಿನ ಇನ್ನೊಂದು ತುದಿಯ ರಬ್ಬರಿನ ಬುಷ್ ತೋರಿಸಿದರು. ಅದೂ ಬಿರುಕು ಬಿಟ್ಟಿತ್ತು. ಹಾಗಾಗಿ ಪೂರ್ತಿ ಆರ್ಮೇ ಹಾಕಿಸಿದೆ. ಬುಷ್ ಚೆನ್ನಾಗಿದ್ದರೂ ನಾನು ಅದನ್ನೇ ಮಾಡಿಸುತ್ತಿದ್ದೆ ಅನಿಸುತ್ತದೆ. ಒತ್ತಿ ಕೂರಿಸಿದ ಜಾಯಿಂಟ್ ನಂಬಿಕೊಂಡು ವಾರಕ್ಕೊಮ್ಮೆ ಅಷ್ಟು ಭಾರ ಹೇರಲು ನನಗೆ ಧೈರ್ಯ ಇಲ್ಲ.

ಸಾಮಾನು ಬಿ.ಎಚ್. ರಸ್ತೆಯ ಸ್ಪೇರ್ಸ್ ಅಂಗಡಿಯಿಂದ ಬರಲು ಒಂದೂವರೆ ಗಂಟೆ. ಕೆಲಸ ಸುಮಾರು ಮೂರು ಗಂಟೆ ಹಿಡಿಯಿತು. ಜಾಸ್ತಿ ಹೊತ್ತು ತಿಂದದ್ದು ಒಂದೇ ಒಂದು ಬೋಲ್ಟು. ಚೆಂಡಿನ ಕಡ್ಡಿಯನ್ನು ನಕ್ಕಲಿನೊಳಗೆ ಅಡ್ಡ ಬಿಗಿದು ಹಿಡಿಯುವ ಬೋಲ್ಟ್ ಅದು, ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಹುಡುಗ ಉದ್ದದ ಪೈಪು ಸಿಕ್ಕಿಸಿ ಎಳೆಯಲು ಹೊರಟ. ಮೇಸ್ತ್ರಿ ಬಿಡಲಿಲ್ಲ. ತುಕ್ಕು ಬಿಡಿಸುವ ಎಣ್ಣೆ ಹೊಡೆದು, ಚಹಾ ಕುಡಿದು ಬಂದು, ಸ್ವಲ್ಪ ಬಿಗಿ ಮಾಡಿ, ಸ್ವಲ್ಪ ಸಡಿಲ ಮಾಡಿ, ಮತ್ತೆ ಎಣ್ಣೆ. ಹಾಗೇ ಆಡಿಸುತ್ತ ಬಿಡಿಸಿದರು. ಆ ಬೋಲ್ಟ್ ಪೂರ್ತಿ ಹೊರಗೆ ಬರಬೇಕು, ಯಾಕೆಂದರೆ ಕಡ್ಡಿಯಲ್ಲಿ ಅದಕ್ಕೊಂದು ಕಚ್ಚು ಇದೆ. ಬೋಲ್ಟ್ ಸಡಿಲ ಮಾಡಿ ಮೇಲಿಂದ ಬಡಿದರೆ ಕಡ್ಡಿ ಇಳಿಯುವುದಿಲ್ಲ, ಬೋಲ್ಟೇ ಹಾಳಾಗುತ್ತದೆ. ಆಮೇಲೆ ನಕ್ಕಲಿನ ಸೀಳಿನಲ್ಲಿ ಚಿಸಲ್ ಇಟ್ಟು ಎಳ್ಳಷ್ಟು ಅಗಲಿಸಿ, ಆರ್ಮನ್ನು ಕೆಳಕ್ಕೆ ಮೀಟಿದರೆ ಜಾರಿ ಬಂತು.

ಹೊಸದನ್ನು ಹಾಕುವಾಗ ಒಂದು ಸಂಗತಿ ನೋಡಿದೆ. ಜಾಯಿಂಟಿನ ಬೋಲ್ಟನ್ನು ಬಿಗಿ ಅಳೆಯುವ ಟಾರ್ಕ್ ರೆಂಚ್‌ನಲ್ಲಿ ಟಕ್ ಅನ್ನುವವರೆಗೆ ಬಿಗಿದರು. ಆದರೆ ಆರ್ಮಿನ ಇನ್ನೊಂದು ತುದಿಯ ಬುಷ್ ಬೋಲ್ಟುಗಳನ್ನು ಅರ್ಧ ಬಿಗಿದು ಬಿಟ್ಟರು. ಮರೆತರೇನೋ ಅಂದುಕೊಂಡೆ. ಮರೆತಿರಲಿಲ್ಲ. ಗಾಡಿಯನ್ನು ನೆಲಕ್ಕಿಳಿಸಿ, ಎರಡು ಸಲ ಒತ್ತಿ ಕುಣಿಸಿ, ಅದರ ಭಾರ ಚಕ್ರದ ಮೇಲೆ ಕೂತ ಮೇಲೆ ಕೆಳಗೆ ನುಸುಳಿ ಬಿಗಿದರು. ಚಕ್ರ ನೇತಾಡುವಾಗಲೇ ಬಿಗಿದರೆ ರಬ್ಬರ್ ಆ ಭಂಗಿಯಲ್ಲೇ ಹಿಡಿದುಕೊಳ್ಳುತ್ತದೆ. ಗಾಡಿ ಇಳಿದಾಗ ಅದು ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಯಾರಿಗೂ ಕಾಣದ ಕೆಲಸ. ನಾನು ನಿಂತು ನೋಡದಿದ್ದರೆ ನನಗೂ ಗೊತ್ತಾಗುತ್ತಿರಲಿಲ್ಲ.

ಹಳೆಯ ಎಡಗಡೆಯ ಆರ್ಮನ್ನು ನನ್ನ ಕೈಗೆ ಕೊಟ್ಟರು. ಕಡ್ಡಿ ಹಿಡಿದು ಬಿಟ್ಟರೆ ಸಾಕು, ತಾನೇ ಜೋತು ಬೀಳುತ್ತಿತ್ತು. ಹೊಸದರ ಕಡ್ಡಿಯನ್ನು ಹೆಬ್ಬೆರಳಲ್ಲಿ ದೂಡಲು ನನಗೆ ಆಗಲೇ ಇಲ್ಲ, ಅಷ್ಟು ಬಿಗಿ. ಹಳೆಯದನ್ನು ಮನೆಗೆ ತಂದು ಅತ್ತೆಗೆ ತೋರಿಸಿದೆ. ಅವರು ಅದನ್ನು ಅಲ್ಲಾಡಿಸಿ ಕಿವಿಯ ಹತ್ತಿರ ಹಿಡಿದು, "ಇದೇ" ಅಂದರು.

ಖರ್ಚು ಹೀಗೆ: ಎರಡು ಲೋವರ್ ಆರ್ಮ್‌ಗೆ 3,400, ಕೂಲಿ 900, ಅಲೈನ್‌ಮೆಂಟಿಗೆ 400. ಒಟ್ಟು 4,700 ರೂಪಾಯಿ. ಸಾಮಾನಿನ ಅಂಗಡಿ ಬಿಲ್ಲನ್ನೇ ನನ್ನ ಕೈಗೆ ಕೊಟ್ಟರು, ಅದರ ಮೇಲೆ ಇವರದ್ದೇನೂ ಸೇರಿಸಿರಲಿಲ್ಲ. ಫೋನ್‌ಪೇ ನಡೆಯುತ್ತದೆ. ಅಲೈನ್‌ಮೆಂಟ್ ಯಂತ್ರ ಇವರಲ್ಲಿಲ್ಲ, ಹತ್ತಿರದ ಟೈರಿನ ಅಂಗಡಿಗೆ ಹುಡುಗನನ್ನು ಜೊತೆಗೆ ಕಳಿಸಿದರು. ಮುಂದಿನ ಚಕ್ರಗಳ ನೇರ ತಪ್ಪಿದ್ದು ಅಲ್ಲಿ ಗೊತ್ತಾಯಿತು. ಎಡಗಡೆಯ ಟೈರಿನ ಒಳ ಅಂಚು ಬೋಳಾಗಿತ್ತು, ಹೊರಗಿನಿಂದ ನೋಡಿದರೆ ಹೊಸದರ ಹಾಗೇ ಕಾಣುತ್ತದೆ. ಆ ಟೈರನ್ನು ಹಿಂದಕ್ಕೆ ಹಾಕಿಸಿಕೊಂಡಿದ್ದೇನೆ, ಮಳೆ ಜೋರಾಗುವ ಮೊದಲು ಬದಲಾಯಿಸಬೇಕು.

ಈಗ ಕೊರತೆಗಳು. ಫೋನ್ ಎತ್ತುವುದಿಲ್ಲ. ಗಾಡಿಯ ಕೆಳಗಿರುವಾಗ ಎತ್ತಲಾಗದು ನಿಜ, ಆದರೆ 50 ಕಿಲೋಮೀಟರ್ ದೂರದಿಂದ ಬರುವವರಿಗೆ ಇವತ್ತು ಆಗುತ್ತದೋ ಇಲ್ಲವೋ ಅಂತ ಗೊತ್ತಾಗಬೇಕಲ್ಲ? ಹುಡುಗರಲ್ಲಿ ಒಬ್ಬನಿಗೆ ಆ ಕೆಲಸ ಹೇಳಬಹುದು. ಕೂರಲು ಒಂದು ಮುರಿದ ಕಾರಿನ ಸೀಟು ಬಿಟ್ಟರೆ ಏನಿಲ್ಲ. ಶೌಚಾಲಯ ಇಲ್ಲವೇ ಇಲ್ಲ. ಗಂಡಸರಿಗೆ ಇದು ತೋಚುವುದಿಲ್ಲ, ಐದು ಗಂಟೆ ಕಾದ ನನಗೆ ಅದು ದೊಡ್ಡ ಕಷ್ಟವಾಯಿತು. ಕೊನೆಗೆ ಒಂದು ಹೋಟೆಲ್ ಹುಡುಕಿಕೊಂಡು ಹೋಗಿ ಬಂದೆ. ಮೇಸ್ತ್ರಿಗೆ ನೇರವಾಗಿಯೇ ಹೇಳಿದೆ. ಈಚೆಗೆ ಗಾಡಿ ತರುವ ಹೆಂಗಸರು ಜಾಸ್ತಿಯಾಗಿದ್ದಾರೆ, ಪಕ್ಕದವರ ಜೊತೆ ಸೇರಿಯಾದರೂ ಒಂದು ವ್ಯವಸ್ಥೆ ಮಾಡಿ ಅಂದೆ. ತಲೆ ತಗ್ಗಿಸಿ "ಹೌದಕ್ಕಾ, ಮಾಡಬೇಕು" ಅಂದರು. ಬೆಳಿಗ್ಗೆ ಒಂಬತ್ತಕ್ಕೇ ಹೋಗಿ ಬಿಡಿ, ಮಧ್ಯಾಹ್ನದ ಮೇಲೆ ಹೋದರೆ ಮಾರನೇ ದಿನಕ್ಕೆ ಹೋಗುತ್ತದೆ. ಭಾನುವಾರ ರಜ.

500 ಕಿಲೋಮೀಟರ್ ಆದ ಮೇಲೆ ಒಮ್ಮೆ ತೋರಿಸಿ ಅಂದಿದ್ದರು. ಮೂರು ಗುರುವಾರ ಲೋಡು ಹೊತ್ತ ಮೇಲೆ, ಕೆಲವು ಕಿಲೋಮೀಟರ್ ಮೊದಲೇ ಹೋದೆ. ಹೊರಗೆ ಮಳೆ ಶುರುವಾಗಿತ್ತು. ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಗೋಣಿಚೀಲ ಹಾಸಿಕೊಂಡು ಕೆಳಗೆ ಮಲಗಿ ಬೋಲ್ಟುಗಳಿಗೆಲ್ಲ ರೆಂಚ್ ಕೊಟ್ಟು ನೋಡಿದರು. ಯಾವುದೂ ಸಡಿಲಾಗಿರಲಿಲ್ಲ. ದುಡ್ಡು ಮುಟ್ಟಲಿಲ್ಲ. ಬಲಗಡೆಯ ಟೈ ರಾಡಿನ ಬೂಟು ಒಣಗಿ ಗೆರೆ ಬಿಟ್ಟಿದೆ, ದೀಪಾವಳಿ ಹೊತ್ತಿಗೆ ನೋಡೋಣ ಅಂದರು. ಒಂದು ಬಾಟಲಿ ಅಪ್ಪೆಮಿಡಿ ಕೊಟ್ಟೆ, ಅದನ್ನು ಮಾತ್ರ ತೆಗೆದುಕೊಂಡರು. ಮಿಡಿ ತರುವ ದಿನ, ಉಪ್ಪು ಹಾಕಿದ ದಿನ ಎಲ್ಲ ಗುರುತು ಹಾಕುವ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದೀಪಾವಳಿಯ ಹಿಂದಿನ ಗುರುವಾರಕ್ಕೆ 'ಟೈ ರಾಡ್' ಅಂತ ಬರೆದಿದ್ದೇನೆ.